ತ್ರಾಣದ ಇಂಜೆಕ್ಷನ್ ಕೇಳೂದಕ್ಕಿಂತ ಮೊದಲ, ಮೂಗಿನ ನಳಿಯಾಗ ಊಟ ಯಾವಾಗ ಚಾಲೂ ಮಾಡ್ತೀರಿ ಅಂತ ಕೇಳ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಜಮಖಂಡಿ ತಾಲ್ಲೂಕಿನ್ಯಾಗ ಇಪ್ಪತ್ತೆರಡು ವರ್ಷದಿಂದ ಔಷಧಿ ಅಂಗಡಿ ನಡಸಾಕತ್ತೀನಿ. ಮೊನ್ನೆ ಸಂತಿ ದಿವಸ ಮುಂಜಾನೆ ಇನ್ನೂ ಶಟರ್ ಪೂರ್ತಿ ಎತ್ತಿದ್ದಿಲ್ಲ, ಹೊಳಿ ಸಾಲಿನ ಊರಿನವ್ರೊಬ್ರು ಬಂದು ನಿಂತ್ರು, ಕೈಯಾಗ ಒಂದು ಚೀಟಿ. ಅವರ ಹೆಂಡ್ತಿ ಐದು ದಿನದಿಂದ ಐಸಿಯುದಾಗ ಅದಾರ, ಸೆಪ್ಸಿಸ್. ಚೀಟ್ಯಾಗ ವಿಟಮಿನ್ ಸಿ ಇಂಜೆಕ್ಷನ್ ಇಪ್ಪತ್ತು, ಗ್ಲುಟಮಿನ್ (ಪ್ರೋಟೀನಿನ ಒಂದು ತುಣುಕು), ಮಲ್ಟಿವಿಟಮಿನ್, ಮ್ಯಾಲೆ ಪ್ರೋಟೀನ್ ಪುಡಿದು ದೊಡ್ಡ ಡಬ್ಬಿ ಎರಡು ಅಂತ ಬರದಿತ್ತು. ಯಾರು ಬರಕೊಟ್ರಿ ಅಂದ್ರ ಡಾಕ್ಟರ್ ಅಲ್ಲ, ಪುಣೆದಾಗ ಇರೋ ಅಳಿಯ ವಾಟ್ಸಾಪ್‌ನ್ಯಾಗ ಕಳಿಸಿದ್ದನ್ನ ಯಾರೋ ಹಾಳಿ ಮ್ಯಾಲೆ ಇಳಿಸಿಕೊಟ್ಟಾರ. ಎಮ್ಮಿ ಮಾರಿ ಬಂದೀನ್ರಿ ಅಂದ್ರು. ಆಮ್ಯಾಲೆ ನನ್ನ ಮಾರಿ ನೋಡಿ, "ಇಷ್ಟೂ ಹಾಕಿದ್ರ ಉಳೀತಾಳೇನ್ರಿ?" ಅಂತ ಕೇಳಿದ್ರು.

ನಾನು ಅವರನ್ನ ಕುಂದ್ರಿಸಿ, ಚಹಾ ತರಿಸಿ, ಚೀಟಿ ಹಂಗ ಮಡಚಿ ವಾಪಸ್ ಕೊಟ್ಟು, ಇನ್ನೊಂದು ಹಾಳಿ ಮ್ಯಾಲೆ ಡಾಕ್ಟರಿಗೆ ಏನು ಕೇಳಬೇಕು ಅನ್ನೂದನ್ನ ಬರದು ಕಳಿಸಿದೆ. ಆ ಹಾಳ್ಯಾಗ ಬರದದ್ದನ್ನ ನಿಮ್ಮ ಪೇಪರ್‌ನ್ಯಾಗ ಎಲ್ಲಾರಿಗೂ ಹೇಳಬೇಕು ಅಂತ ಈ ಪತ್ರ. ಉದ್ದ ಆಗತೈತಿ, ಆದ್ರ ದಯವಿಟ್ಟು ಕತ್ತರಿಸಬ್ಯಾಡ್ರಿ, ಯಾಕಂದ್ರ ಇದರಾಗ ಅರ್ಧ ತಿಳಕೊಂಡ್ರ ಅದೂ ಕೆಟ್ಟದ್ದ ಆಗತೈತಿ.

ಸೆಪ್ಸಿಸ್ ಅಂದ್ರ ನಮ್ಮ ಮಂದಿ ರಕ್ತದಾಗ ನಂಜು ಏರೈತಿ ಅಂತಾರ. ಸೋಂಕು ಎಲ್ಲೇ ಇರಬಹುದು, ಮೂತ್ರದಾಗ, ಪುಪ್ಪುಸದಾಗ, ಹೊಟ್ಯಾಗ, ಕಬ್ಬಿನ ಕೂಳಿ ಚುಚ್ಚಿದ ಶುಗರ್ ಇದ್ದವರ ಅಂಗಾಲಾಗ, ಹಡದ ಬಾಣಂತಿ ಮೈಯಾಗ. ಆ ಸೋಂಕಿನ ಜೋಡಿ ಹೊಡದಾಡಾಕ ಹೋದ ಮೈ ಹದ ತಪ್ಪಿ ತನ್ನ ಕಿಡ್ನಿ, ಪುಪ್ಪುಸ, ಲಿವರ್ ತಾನ ಹಾಳು ಮಾಡ್ಕೊಳ್ಳಾಕ ಹತ್ತತೈತಿ. 2016ರಾಗ ತಜ್ಞರು ಕೂಡಿ ಬರದ ವ್ಯಾಖ್ಯೆದಾಗೂ ಹಿಂಗ ಐತಿ. 2017ರ ಒಂದ ವರ್ಷದಾಗ ಜಗತ್ತಿನ್ಯಾಗ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಸೆಪ್ಸಿಸ್ ಆಗಿ 1 ಕೋಟಿ 10 ಲಕ್ಷ ಮಂದಿ ಹೋದ್ರು ಅಂತ ಅಂದಾಜು ಮಾಡ್ಯಾರ, ಅಂದ್ರ ಆ ವರ್ಷ ಸತ್ತ ಐದು ಮಂದ್ಯಾಗ ಒಬ್ರು. ಇದಕ್ಕ ಮೊದಲ ಬೇಕಾದದ್ದು ಲಗೂನ ಆ್ಯಂಟಿಬಯೋಟಿಕ್, ಸಲಾಯಿನ್, ಬಿಪಿ ಎತ್ತೋ ಔಷಧ, ಎಲ್ಲ್ಯರ ಕೀವು ಕಟ್ಟಿದ್ರ ಅದನ್ನ ತಗಿಯೂದು. ಅಲ್ಲಿ ತಡ ಮಾಡಿ ಆಮ್ಯಾಲೆ ಎಷ್ಟ ವಿಟಮಿನ್ ಸುರುವಿದ್ರೂ ಉಪಯೋಗ ಇಲ್ರಿ.

ಎರಡು ವರ್ಷದ ಹಿಂದ ನಮ್ಮವ್ವಗ ಇದ ಆತು. 64 ವಯಸ್ಸು, ಶುಗರ್ ಹದಿನೈದು ವರ್ಷದ್ದು. ಉರಿಮೂತ್ರ ಅಂತ ಮೂರು ದಿನ ಜೀರಿಗಿ ನೀರು ಕುಡಕೊಂತ ಯಾರಿಗೂ ಹೇಳದ ಕುಂತ್ಲು, ನಾಕನೇ ದಿನ ಮುಂಜಾನೆ ಮಾತು ತೊದಲಾಕತ್ತಿತು, ಕೈಕಾಲು ತಣ್ಣಗ ಆಗಿದ್ದು. ಒಂದು ಖಾಸಗಿ ದವಾಖಾನಿಗೆ ಒಯ್ದು ಐಸಿಯುಕ್ಕ ಹಾಕಿದ್ವಿ. ಅಲ್ಲಿಯವ್ರು ಜೀವ ಉಳಿಸಿದ್ರು, ಅದನ್ನ ನಾ ಎಂದೂ ಮರಿಯಂಗಿಲ್ಲ. ಆದ್ರ ಆರು ದಿನ ಆಕಿ ಹೊಟ್ಟಿಗೆ ಒಂದು ಹನಿ ಹೋಗ್ಲಿಲ್ಲ. ಮೊದಲ ಎರಡು ದಿನ ಬಿಪಿ ನಿಲ್ಲವಲ್ತಾಗಿತ್ತು, ಅದು ಸರಿ. ಮೂರನೇ ದಿನದಿಂದ ಯಾಕ ಅಂತ ನಾನೂ ಕೇಳ್ಲಿಲ್ಲ. ಔಷಧಿ ಶಾಸ್ತ್ರ ಓದಿದವ ನಾನು, ಸಲಾಯಿನ್ ಹತ್ತೈತಲ್ಲ, ಅದರಾಗ ಶಕ್ತಿ ಹೋಗತೈತಿ ಅಂತ ಉಳಿದವ್ರ ಹಂಗ ನಾನೂ ಹೊರಗ ಬೆಂಚಿನ ಮ್ಯಾಲೆ ಕುಂತಿದ್ದೆ. ಇವತ್ತಿಗೂ ರಾತ್ರಿ ನೆನಪಾದ್ರ ಸಂಕಟ ಆಗತೈತಿ.

ಸಲಾಯಿನ್ ಬಾಟ್ಲಿಯಾಗ ಎಷ್ಟು ಊಟ ಐತಿ ಅಂತ ಲೆಕ್ಕ ಹಾಕಿ ನೋಡ್ರಿ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಒಂದು ಲೀಟರ್‌ನ್ಯಾಗ 50 ಗ್ರಾಂ ಗ್ಲೂಕೋಸ್, ಅಂದ್ರ ಇನ್ನೂರು ಕ್ಯಾಲರಿನೂ ಪೂರ್ತಿ ಆಗಂಗಿಲ್ಲ, ಎರಡು ಜ್ವಾಳದ ರೊಟ್ಟಿಗೂ ಸಮ ಇಲ್ಲ. ನಾರ್ಮಲ್ ಸಲಾಯಿನ್ ಆದ್ರ ಬರೇ ಉಪ್ಪುನೀರು, ಕ್ಯಾಲರಿ ಸೊನ್ನಿ. ಎರಡರಾಗೂ ಪ್ರೋಟೀನ್ ಒಂದು ಗ್ರಾಂ ಇಲ್ಲ. ಅತ್ತ ಮೈ ಮಾತ್ರ ಸುಮ್ಮನ ಕುಂತಿರಂಗಿಲ್ಲ, ಸೆಪ್ಸಿಸ್‌ನ್ಯಾಗ ಅದು ತನ್ನ ಸ್ನಾಯು ಕರಗಿಸಿ ಗ್ಲೂಕೋಸ್ ಮಾಡ್ಕೋತೈತಿ. 2013ರಾಗ ಇಂಗ್ಲೆಂಡಿನ ಡಾಕ್ಟರು ಐಸಿಯು ಪೇಶಂಟ್‌ಗಳ ತೊಡಿ ಸ್ನಾಯು ಸ್ಕ್ಯಾನ್ ಮಾಡಿ ಅಳದು ನೋಡಿದ್ರ ಹತ್ತು ದಿನದಾಗ ಹತ್ತಿರ ಹತ್ತಿರ ಶೇ 18 ಕರಗಿ ಹೋಗಿತ್ತು, ಎರಡು-ಮೂರು ಅಂಗ ಕೆಟ್ಟವರಾಗ ಇನ್ನೂ ಜಾಸ್ತಿ. ನಮ್ಮವ್ವನ ಕೈ ಬಳಿ ಎಂಟನೇ ದಿನ ಮೊಣಕೈತನಕ ಜಾರಾಕತ್ತಿದ್ದು, ನಮ್ಮ ತಂಗಿ ಅದನ್ನ ನೋಡಿ ಹೊರಗ ಬಂದು ಅತ್ಲು.

ಅಲ್ಲಿಂದ ನಮ್ಮಂಥವ್ರ ತಲಿ ಒಂದ ಕಡೆ ಓಡತೈತಿ: ಹಂಗಾರ ಶಕ್ತಿದು ಏನೇನು ಸಿಗತೈತಿ ಎಲ್ಲಾ ತಂದು ತುಂಬ್ರಿ ಅಂತ. ಇಲ್ಲೇ ನಾವು ಎಡವೂದು. ವಿಟಮಿನ್ ಸಿ ಕಥಿ ಹೇಳ್ತೀನಿ. 2017ರಾಗ ಅಮೆರಿಕಾದ ಡಾಕ್ಟರ್ ಪಾಲ್ ಮಾರಿಕ್ ಅಂಬವ್ರು ವಿಟಮಿನ್ ಸಿ, ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್, ಥಯಾಮಿನ್ (ವಿಟಮಿನ್ ಬಿ 1) ಮೂರೂ ಕೂಡಿಸಿ 47 ಪೇಶಂಟ್‌ಗೆ ಕೊಟ್ಟು, ಅದಕ್ಕಿಂತ ಹಿಂದಿನ ತಿಂಗಳುಗಳಾಗ ಬಂದಿದ್ದ 47 ಮಂದಿಗೆ ಹೋಲಿಸಿ ನೋಡಿದ್ರು. ಕೊಟ್ಟವರಾಗ ಸಾವು ಶೇ 8.5, ಕೊಡದವರಾಗ ಶೇ 40.4 ಬಂತು. ಯಾರಿಗರ ಆಶಾ ಹುಟ್ಟಲಾರದ ಇರತೈತೇನ್ರಿ? ಜಗತ್ತಿನ ತುಂಬ ಸುದ್ದಿ ಹಬ್ಬಿತು, ನಮ್ಮ ಅಂಗಡಿಗೂ ಚೀಟಿ ಬರಾಕ ಹತ್ತಿದ್ದು, ನಾನೂ ನಂಬಿ ಕೊಟ್ಟೀನಿ. ಆದ್ರ ಅದು ಚೀಟಿ ಎತ್ತಿ ಮಂದೀನ ಎರಡು ಪಾಲು ಮಾಡಿ ನೋಡಿದ ಪರೀಕ್ಷೆ ಅಲ್ಲ. ಹಂಗ ಮಾಡಿ ನೋಡಿದ ಮ್ಯಾಲೆ 2020ರಾಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್‌ನ್ಯಾಗ ಏನೂ ಫಾಯದೆ ಕಾಣಲಿಲ್ಲ. 2022ರಾಗ ಕೆನಡಾ, ಫ್ರಾನ್ಸ್, ನ್ಯೂಜಿಲೆಂಡ್ ಕೂಡಿ 872 ಪೇಶಂಟ್ ಮ್ಯಾಲೆ ಮಾಡಿದ ಲೋವಿಟ್ ಅನ್ನೋ ಪರೀಕ್ಷೆದಾಗ ಬರೇ ವಿಟಮಿನ್ ಸಿನ ದೊಡ್ಡ ಡೋಸ್‌ನ್ಯಾಗ ಕೊಟ್ರು. 28ನೇ ದಿನಕ್ಕ ಸತ್ತವ್ರು ಇಲ್ಲಾ ಅಂಗಕ್ಕ ಮಷೀನ್, ಔಷಧದ ಆಸರ ಇನ್ನೂ ಬೇಕಾದವ್ರು ಕೂಡಿಸಿದ್ರ, ವಿಟಮಿನ್ ಸಿ ಹಾಕಿದವರಾಗ ಶೇ 44.5, ಹಾಕದವರಾಗ ಶೇ 38.5. ಅಂದ್ರ ಉಪಯೋಗ ಒತ್ತಟ್ಟಿಗಿರಲಿ, ಹಾಕಿದವರ ಗತಿನ ಕೆಟ್ಟದಾತು. ಮ್ಯಾಲೆ ಇನ್ನೊಂದು ಮಾತು, ಶುಗರ್ ಇದ್ದವ್ರ ಮನಿಯವ್ರು ಲಕ್ಷ್ಯ ಕೊಟ್ಟು ಓದ್ರಿ: ವಿಟಮಿನ್ ಸಿ ಭಾಳ ಏರಿಸಿದ್ರ ಬೆರಳು ಚುಚ್ಚಿ ನೋಡೋ ಕೆಲವು ಗ್ಲುಕೋಮೀಟರ್ ಇಲ್ಲದ ಶುಗರ್ ತೋರಸ್ತಾವ, ಅದನ್ನ ನೋಡಿ ಇನ್ಸುಲಿನ್ ಕೊಟ್ರ ಖರೇನ ಶುಗರ್ ಪಾತಾಳಕ್ಕ ಇಳಿಯೋ ಭಯ ಇರತೈತಿ.

ಗ್ಲುಟಮಿನ್ದೂ ಹಂಗ. ಕಾಯಿಲೆ ಜೋರಾದಾಗ ರಕ್ತದಾಗ ಅದು ಕಡಿಮಿ ಆಗತೈತಿ, ತುಂಬಿಕೊಟ್ರ ಛಲೋ ಆಗಬೇಕು ಅಂತ ಎಲ್ಲಾರೂ ತಿಳಕೊಂಡಿದ್ರು. 2013ರಾಗ 40 ಐಸಿಯುದಾಗ 1,223 ಮಂದಿ ಮ್ಯಾಲೆ ನೋಡಿದ್ರ, ಗ್ಲುಟಮಿನ್ ಹಾಕಿದವರಾಗ 28 ದಿನದ ಸಾವು ಶೇ 32.4, ಹಾಕದವರಾಗ ಶೇ 27.2. ಆರು ತಿಂಗಳಿಗೆ ನೋಡಿದ್ರೂ ಹಾಕಿದವರಾಗ ಜಾಸ್ತಿ. ಸೆಲೆನಿಯಂ ಅನ್ನೋ ಖನಿಜದ್ದು ಜರ್ಮನಿದಾಗ ಸಾವಿರದ ಮ್ಯಾಲೆ ಸೆಪ್ಸಿಸ್ ಪೇಶಂಟ್‌ಗಳಾಗ ಅರ್ಧ ಮಂದಿಗೆ ಕೊಟ್ಟು 2016ರಾಗ ಫಲಿತಾಂಶ ಹೇಳಿದ್ರು, ಏನೂ ಫರಕು ಇಲ್ಲ. ಪ್ರೋಟೀನ್ ಅರ ಜಾಸ್ತಿ ಕೊಡೂಣಲ್ಲ ಅಂದ್ರ, 2023ರಾಗ 16 ದೇಶದ 1,301 ಮಂದಿಗೆ ಅರ್ಧ ಮಂದಿಗೆ ಮೈತೂಕದ ಕಿಲೋಕ್ಕ ದಿನಕ್ಕ 2.2 ಗ್ರಾಂ ಮ್ಯಾಲೆ, ಉಳಿದ ಅರ್ಧಕ್ಕ 1.2ರ ಒಳಗ ಕೊಟ್ಟು ನೋಡಿದ್ರು. ಜಾಸ್ತಿ ತಗೊಂಡವ್ರು ಲಗೂ ಮನಿಗೆ ಹೋಗ್ಲಿಲ್ಲ, ಕಿಡ್ನಿ ಕೆಟ್ಟವರಿಗೆ ಅದು ತ್ರಾಸನ ಮಾಡ್ತು. ಗೊಂಜಾಳ ನೀರಿಲ್ಲದ ಬಾಡಿ ನಿಂತಾಗ ಯೂರಿಯಾ ಉಗ್ಗಿದ್ರ ಏನಾಗತೈತಿ ಅಂತ ನಮ್ಮ ಕಡೆ ಸಣ್ಣ ಹುಡುಗೂರಿಗೂ ಗೊತ್ತೈತಿ. ಮೊದಲ ನಾಕೈದು ದಿನ ಮೈ ಹಂಗ ಇರತೈತಿ, ಇನ್ಸುಲಿನ್ ಮಾತು ಕೇಳಂಗಿಲ್ಲ, ಲಿವರ್ ತನ್ನಷ್ಟಕ್ಕ ತಾನ ಸಕ್ಕರಿ ಮಾಡ್ಕೊಂತ ಹೋಗತೈತಿ, ನಾವು ಹೊರಗಿಂದ ಹಾಕಿದ್ದು ಅದರ ಮ್ಯಾಲೆ ಇನ್ನೊಂದು ಭಾರ ಆಗತೈತಿ.

ಹಂಗಂತ ಊಟ ಬ್ಯಾಡ ಅಂದ್ನೇನ್ರಿ? ಇಲ್ರಿ. ಊಟ ಬೇಕ ಬೇಕು. ಬೇಕಾದದ್ದು ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪ, ಹೊಟ್ಟಿ ಹಾದೀಲಿಂದ. 2021ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ, ನಳಿಯಾಗ ಊಟ ಕೊಡಾಕ ಬರೋ ಪೇಶಂಟ್‌ಗೆ 72 ತಾಸಿನ ಒಳಗ ಚಾಲೂ ಮಾಡ್ರಿ ಅಂತೈತಿ, ಅದ ಮಾರ್ಗಸೂಚಿ ವಿಟಮಿನ್ ಸಿ ಇಂಜೆಕ್ಷನ್ ಬ್ಯಾಡ ಅಂತನೂ ಹೇಳೈತಿ. ಯುರೋಪಿನ ಪೌಷ್ಟಿಕತೆ ತಜ್ಞರು 48 ತಾಸು ಅಂತಾರ. ಬಿಪಿ ಇನ್ನೂ ಬಿದ್ದು, ಔಷಧದ ಡೋಸ್ ಏರಿಸಿಕೊಂತ ನಡದಾಗ ಮಾತ್ರ ತಡೀಬೇಕು, ಯಾಕಂದ್ರ ಆವಾಗ ಕರುಳಿಗೆ ರಕ್ತನ ಸಾಲದ ಇರತೈತಿ. ಫ್ರಾನ್ಸಿನ್ಯಾಗ 2,410 ಶಾಕ್ (ಬಿಪಿ ಭಾಳ ಬಿದ್ದ) ಪೇಶಂಟ್ ಮ್ಯಾಲೆ ಮಾಡಿ 2018ರಾಗ ಪ್ರಕಟ ಮಾಡಿದ ಪರೀಕ್ಷೆದಾಗ, ಮೊದಲ ದಿನದಿಂದ ನಳಿಯಾಗ ಪೂರ್ತಿ ಊಟ ಕೊಟ್ಟವರಾಗ, ರಕ್ತನಾಳದಾಗ ಕೊಟ್ಟವರಿಗಿಂತ, ಕರುಳಿನ ರಕ್ತ ನಿಂತ ತೊಂದರಿ ಜಾಸ್ತಿ ಕಂಡಿತ್ತು. ಅಲ್ಲಿಯವ್ರ ಮತ್ತ 3,044 ಮಂದಿಗೆ ಮೊದಲ ವಾರ ಕಡಿಮಿ ಕ್ಯಾಲರಿ, ಪೂರ್ತಿ ಕ್ಯಾಲರಿ ಅಂತ ಎರಡು ನಮೂನಿ ಕೊಟ್ಟು ನೋಡಿದ್ರ ಸಾವಿನ್ಯಾಗ ಫರಕು ಬರಲಿಲ್ಲ, ಕಡಿಮಿ ಕೊಟ್ಟವ್ರು ಐಸಿಯುದಿಂದ ಹೊರಗ ಬರೋ ಹಂತಕ್ಕ ಲಗೂ ಮುಟ್ಟಿದ್ರು. ಅದಕ್ಕ ಸಿಸ್ಟರ್ ತಾಸಿಗೆ ಇಪ್ಪತ್ತು ಎಂಎಲ್ ಬಿಡಾಕತ್ತಾರ, ಇಷ್ಟರಾಗ ಏನಾಗತೈತಿ ಅಂತ ಮನಿಯವ್ರು ಜಗಳ ತಗೀಬ್ಯಾಡ್ರಿ. ಅದು ಕರುಳು ಎಚ್ಚರ ಇಡಾಕ. ಮುಂದ ನಾಕೈದು ದಿನದಾಗ ಏರಿಸಿಕೊಂತ ಹೋಗಿ, 50 ಕಿಲೋ ತೂಕದವರಿಗೆ ದಿನಕ್ಕ 65 ಗ್ರಾಂ ಪ್ರೋಟೀನ್‌ತನಕ ಮುಟ್ಟಿಸ್ತಾರ. ಒಂದು ತತ್ತಿಯಾಗ ಸುಮಾರು ಆರು ಗ್ರಾಂ ಅಂದ್ರ ಅದು ಹತ್ತು ತತ್ತಿಕ್ಕಿಂತ ಜಾಸ್ತಿ ಆತು, ಸಣ್ಣ ಮಾತಲ್ಲ.

ನಮ್ಮವ್ವಗ ಆರು ದಿನ ಉಪವಾಸ ಇಟ್ಟು ಏಳನೇ ದಿನ ನಳಿ ಹಾಕಿ ಒಮ್ಮೆಲೆ ಪೂರ್ತಿ ಊಟ ಬಿಟ್ರು. ಒಂಬತ್ತನೇ ದಿನ ಮತ್ತ ಉಸರಾಟ ತ್ರಾಸಾತು, ಕೈ ಎತ್ತಾಕ ಬರವಲ್ತು. ಎಲ್ಲಾರೂ ಸೋಂಕು ತಿರುಗಿ ಬಂತು ಅಂದ್ಕೊಂಡ್ರು. ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ರಕ್ತದಾಗಿನ ಫಾಸ್ಫೇಟ್ ಅನ್ನೋ ಲವಣದ ಟೆಸ್ಟ್ ಬರದ್ರು, ಭಾಳ ಕೆಳಗ ಬಿದ್ದಿತ್ತು. ಬಹಳ ದಿನ ಉಪವಾಸ ಇದ್ದ ಮೈಗೆ ಒಮ್ಮೆಲೆ ಊಟ ಬಂದ್ರ ಇನ್ಸುಲಿನ್ ಏರಿ ರಕ್ತದಾಗಿನ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ಎಲ್ಲಾ ಜೀವಕೋಶದ ಒಳಗ ಎಳಕೊಂಡು ಹೋಗತಾವ, ಎದಿ ಬಡಿತ, ಉಸಿರು ಎರಡೂ ಕೈಕೊಡತಾವ. ರೀಫೀಡಿಂಗ್ ಸಿಂಡ್ರೋಮ್ ಅಂತಾರ. ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಹಸದು ಬಿಡುಗಡಿ ಆದ ಕೈದಿಗಳಿಗೆ ಹೊಟ್ಟಿ ತುಂಬ ಉಣ್ಣಿಸಿದಾಗ ಮಂದಿ ಸತ್ತದ್ದನ್ನ ಡಾಕ್ಟರು ಕಣ್ಣಾರೆ ನೋಡ್ಯಾರ. ತಡೀಲಿಕ್ಕೆ ಬೇಕಾದದ್ದು ದೊಡ್ಡ ಇಂಜೆಕ್ಷನ್ ಏನೂ ಅಲ್ಲ: ಊಟ ಚಾಲೂ ಮಾಡೂದಕ್ಕಿಂತ ಮೊದಲ ಥಯಾಮಿನ್, ಅಂದ್ರ ವಿಟಮಿನ್ ಬಿ 1, ಅಗದಿ ಸೋವಿ ಸಿಗತೈತಿ, ಆಮ್ಯಾಲೆ ದಿನಾ ಫಾಸ್ಫೇಟ್ ನೋಡ್ಕೊಂತ ಕೊರತಿ ತುಂಬೂದು. ಕುಡಿಯೋ ಚಟ ಇದ್ದವ್ರಿಗಂತೂ ಥಯಾಮಿನ್ ಬೇಕ ಬೇಕು. ಸಪ್ಲಿಮೆಂಟ್ ಅನ್ನೂದರಾಗ ನಾನು ಎರಡೂ ಕೈ ಎತ್ತಿ ಹೂಂ ಅನ್ನೂದು ಇಂಥಾದ್ದಕ್ಕ, ಕೊರತಿ ಇದ್ದಲ್ಲಿ ಕೊರತಿ ಅಳದು ಕೊಡೂದಕ್ಕ.

ಅಲ್ಬುಮಿನ್ (ರಕ್ತದಾಗಿನ ಒಂದು ಪ್ರೋಟೀನ್) ಬಾಟ್ಲಿ ಬಗ್ಗೆನೂ ಹೇಳಬೇಕು, ಅದಕ್ಕ ಮಂದಿ ಬಂಗಾರ ಅಡವಿ ಇಡೂದನ್ನ ಕಣ್ಣಾರೆ ನೋಡೀನಿ. ಪ್ರೋಟೀನ್ ಕಡಿಮಿ ಆಗೈತಿ, ಶಕ್ತಿ ಬರಾಕ ಅಲ್ಬುಮಿನ್ ಬೇಕು ಅಂತ ಮನಿಯವ್ರು ತಿಳಕೊಂಡಿರ್ತಾರ. ಸೆಪ್ಸಿಸ್‌ನ್ಯಾಗ ಅಲ್ಬುಮಿನ್ ಇಳಿಯೂದು ಉರಿಯೂತದಿಂದ, ರಕ್ತನಾಳ ಸೋರೂದರಿಂದ, ಉಪವಾಸದ ಲೆಕ್ಕ ಅಲ್ಲ. ಇಟಲಿದಾಗ 1,818 ಮಂದ್ಯಾಗ ಅರ್ಧ ಮಂದಿಗೆ ಅದನ್ನ ಕೊಟ್ಟು 2014ರಾಗ ನೋಡಿದ್ರ ಸಾವು ಕಡಿಮಿ ಆಗಿರಲಿಲ್ಲ. ಸಲಾಯಿನ್ ಭಾಳ ಹೋದ ಮ್ಯಾಲೆ ಡಾಕ್ಟರ್ ಅದನ್ನ ಬಿಪಿ ಸಲುವಾಗಿ ಬರೀಬಹುದು, ಅದಕ್ಕ ಅವರ ಕಾರಣ ಇರತೈತಿ, ಕೇಳಿದ್ರ ಹೇಳ್ತಾರ. ಆದ್ರ ಅದು ಊಟ ಅಲ್ಲ.

ಇನ್ನ ನಮ್ಮ ಕಡೆಯಿಂದ ಆಗೋ ತಪ್ಪು. ಮೂಗಿನ್ಯಾಗ ನಳಿ ಹಾಕ್ತೀವಿ ಅಂದಕೂಡಲೇ ನಮ್ಮ ಮಂದಿ ಮುಗೀತು ಅಂತ ಅಳಾಕ ಹತ್ತತಾರ, ಸಹಿ ಮಾಡಂಗಿಲ್ಲ. ಆ ನಳಿಗೆ ರೈಲ್ಸ್ ಟ್ಯೂಬ್ ಅಂತಾರ, ಜಾನ್ ರೈಲ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ ಹೆಸರಿನ್ಯಾಗ, ನೂರು ವರ್ಷದ ಮ್ಯಾಲಿಂದ ಬಳಕ್ಯಾಗ ಐತಿ. ಅದು ಬದಕಾಕ ಹಾಕೋ ನಳಿ. ನಳಿ ಇದ್ದಾಗ ತಲಿ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿರಬೇಕು, ಮಲಗಿಸಿ ಬಿಟ್ರ ಊಟ ಪುಪ್ಪುಸಕ್ಕ ಹೋಗಿ ನ್ಯೂಮೋನಿಯಾ ಆಗತೈತಿ, ಮನಿಯವ್ರು ಒಳಗ ಹೋದಾಗ ಅಷ್ಟನ್ನರ ನೋಡ್ರಿ. ಅರ್ಧ ಎಚ್ಚರದಾಗ ಇರೋ ಪೇಶಂಟ್ ಬಾಯಿಗೆ ಚಮಚಿಯಿಂದ ನೀರು, ತೀರ್ಥ, ಗಂಜಿ ಹಾಕಬ್ಯಾಡ್ರಿ, ನಮ್ಮ ಚಿಗವ್ವ ಪ್ರೀತಿಲಿಂದ ಹಾಕಾಕ ಹೋದ್ಲು, ಸಿಸ್ಟರ್ ಓಡಿ ಬಂದು ಕೈ ಹಿಡದ್ರು, ಆ ಸಿಸ್ಟರ್‌ಗೆ ನಮ್ಮ ಮನಿ ಇವತ್ತಿಗೂ ಋಣಿ. ಎಳನೀರು ಛಲೋದು ಖರೆ, ಆದ್ರ ಕಿಡ್ನಿ ಕೆಲಸ ನಿಂತವರಿಗೆ ಅದರಾಗಿನ ಪೊಟ್ಯಾಷಿಯಂ ಎದಿ ಬಡಿತ ನಿಲ್ಲಿಸಬಹುದು. ಮನೀಲಿಂದ ಥರ್ಮಾಸ್‌ನ್ಯಾಗ ಗಂಜಿ ತಂದು ತಾಸುಗಟ್ಟಲೆ ಇಟ್ಟು ನಳಿಯಾಗ ಬಿಟ್ರ ಅದರಾಗ ರೋಗಾಣು ಬೆಳೀತಾವ, ದಪ್ಪ ಇದ್ರ ನಳಿ ಕಟ್ಕೋತೈತಿ, ತೆಳ್ಳಗ ಮಾಡಿದ್ರ ನೀರ ಆಗತೈತಿ. ಮನಿ ಗಂಜಿ ಕೊಡೂದಾದ್ರ ಡಯಟೀಶಿಯನ್ ಅಳತಿ ಹೇಳಿಕೊಟ್ಟ ಮ್ಯಾಲೆ ಕೊಡ್ರಿ.

ಪುಡಿ ಡಬ್ಬಿ ಬಗ್ಗೆ ಮಾರೋನಾಗಿ ಹೇಳ್ತೀನಿ, ಡಬ್ಬಿ ತಿರುಗಿಸಿ ನೋಡ್ರಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇರತೈತಿ, ಅಂದ್ರ ಅದು ಆಹಾರ, ರೋಗ ವಾಸಿ ಮಾಡೋ ಔಷಧ ಅಲ್ಲ. ಅದರ ಖರೇ ಕೆಲಸ ಐಸಿಯುದಿಂದ ಹೊರಗ ಬಂದ ಮ್ಯಾಲೆ. ನಮ್ಮವ್ವ ಮನಿಗೆ ಬಂದಾಗ ಹೊಸ್ತಿಲಾ ದಾಟಾಕ ಇಬ್ರು ಹಿಡೀಬೇಕಾಗಿತ್ತು. ಎರಡು ತುತ್ತಿಗೆ ಸಾಕು ಅಂತಿದ್ಲು, ಆವಾಗ ಶುಗರ್ ಇದ್ದವರ ಪುಡಿ ದಿನಕ್ಕ ಎರಡು ಸಲ ಡಬ್ಬಿ ಮ್ಯಾಲಿನ ಅಳತಿ ಪ್ರಕಾರ ಕೊಟ್ವಿ, ಚಹಾದಾಗ ಒಂದು ಚಮಚಿ ಹಾಕಿದ್ರ ಏನೂ ಆಗಂಗಿಲ್ಲ. ಜೋಡಿಗೆ ಹೆಸರುಬ್ಯಾಳಿ ಕಟ್ಟು, ಮಜ್ಜಿಗ್ಯಾಗ ಜ್ವಾಳದ ನುಚ್ಚು, ಮೊಳಕಿ ಬರಿಸಿದ ಮಡಕಿಕಾಳು, ದಿನಾ ಎರಡು ತತ್ತಿ, ಶೇಂಗಾ ಹಿಂಡಿ. ಡಾಕ್ಟರ್ ಹೇಳಿದ ಮ್ಯಾಲೆ ದಿನಾ ಕುರ್ಚಿಲಿಂದ ಹತ್ತು ಸಲ ಏಳೂದು ಕುಂದ್ರೂದು ಮಾಡಿಸಿದ್ವಿ, ಯಾಕಂದ್ರ ಕೈಕಾಲು ಆಡಿಸದ ಬರೇ ಉಂಡ್ರ ಸ್ನಾಯು ತಿರುಗಿ ಬರಂಗಿಲ್ಲ. ತನ್ನಷ್ಟಕ್ಕ ತಾನು ಬಾವಿತನಕ ನಡದು ಹೋಗಾಕ ನಾಕು ತಿಂಗಳು ಹಿಡೀತು. ಎಮ್ಮಿ ಮಾರಿದ ರೊಕ್ಕ ಆ ನಾಕು ತಿಂಗಳಿಗೆ ಬೇಕ್ರಿ, ಮೊದಲ ಐದು ದಿನಕ್ಕ ಅದನ್ನೆಲ್ಲಾ ಸುರೀಬ್ಯಾಡ್ರಿ.

ಡಾಕ್ಟರ್, ಸಿಸ್ಟರ್ ಮ್ಯಾಲೆ ನನ್ನ ಸಿಟ್ಟಿಲ್ಲ. ಒಬ್ಬ ಸಿಸ್ಟರ್ ಮೂರು-ನಾಕು ಬೆಡ್ ನೋಡೂದು ನನಗ ಗೊತ್ತೈತಿ. ಆದ್ರ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆದಾಗ ಮೆಡಿಕಲ್ ಕಾಲೇಜ್ ಅದಾವ, ದೊಡ್ಡ ಐಸಿಯು ಅದಾವ, ಅಲ್ಲಿಯವ್ರು ಮನಸ್ಸು ಮಾಡಿದ್ರ ಇದು ಆಗೋ ಕೆಲಸ. ಐಸಿಯು ಇರೋ ಪ್ರತಿ ದವಾಖಾನ್ಯಾಗ ಡಯಟೀಶಿಯನ್ ದಿನಾ ರೌಂಡ್ ಬರಬೇಕು. ಮನಿಯವರಿಗೆ ಬಿಲ್ ಕೊಡೋ ಹೊತ್ತಿನ್ಯಾಗ ಒಂದು ಚೀಟ್ಯಾಗ, ಇವತ್ತು ನಳಿಯಾಗ ಎಷ್ಟು ಹೋತು, ನಿಲ್ಲಿಸಿದ್ರ ಯಾಕ ನಿಲ್ಲಿಸಿದ್ವಿ ಅಂತ ಕನ್ನಡದಾಗ ಬರದು ಕೊಡಬೇಕು. ಮತ್ತ ನನ್ನಂಗ ಔಷಧಿ ಅಂಗಡಿ ಇಟ್ಟವರಿಗೆ ಕೈ ಮುಗದು ಕೇಳ್ತೀನಿ, ವಾಟ್ಸಾಪ್ ಚೀಟಿಗೆ ಇಂಜೆಕ್ಷನ್ ಕೊಡಬ್ಯಾಡ್ರಿ, ಬಂದವರನ್ನ ಡಾಕ್ಟರ್ ಕಡೆ ತಿರುಗಿ ಕಳಸ್ರಿ.

ಆ ಹೊಳಿ ಸಾಲಿನವರಿಗೆ ನಾ ಬರಕೊಟ್ಟದ್ದು ಇಷ್ಟ: ನಳಿಯಾಗ ಊಟ ಚಾಲೂ ಆಗೈತೇನ್ರಿ, ಆಗಿರದಿದ್ರ ಯಾಕ, ಯಾವಾಗ ಮಾಡ್ತೀರಿ, ಥಯಾಮಿನ್ ಕೊಟ್ಟೀರೇನ್ರಿ, ಫಾಸ್ಫೇಟ್ ನೋಡೀರೇನ್ರಿ, ಈ ಇಂಜೆಕ್ಷನ್ ನೀವು ಹೇಳಿದ್ದೋ ಅಲ್ಲೋ. ನಿನ್ನೆ ಸಂಜಿಮುಂದ ಫೋನ್ ಮಾಡಿದ್ರು. ನಳಿ ಹಾಕ್ಯಾರಂತ, ತಾಸಿಗೆ ಮೂವತ್ತು ಎಂಎಲ್ ಹೊಂಟೈತಂತ, ಚೀಟ್ಯಾಗಿನ ಇಂಜೆಕ್ಷನ್ ಯಾವುದೂ ಬ್ಯಾಡ ಅಂದ್ರಂತ. ಹೆಂಡ್ತಿ ಇನ್ನೂ ಐಸಿಯುದಾಗ ಅದಾರ, ಕಣ್ಣು ತಗದು ಮಗಳ ಹೆಸರು ಹೇಳ್ಯಾರ. ನಾಳೆ ಮುಂಜಾನೆ ಏನು ಕೇಳ್ಲ್ರಿ ಅಂದ್ರು, ಇವತ್ತಿಗಿಂತ ಎಷ್ಟು ಏರಿಸಿದ್ರು ಅಂತ ಕೇಳ್ರಿ ಅಂದೀನಿ.

ನಿಮ್ಮ ಓದುಗ,
ಒಬ್ಬ ಔಷಧಿ ಅಂಗಡಿಯವ,
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ